ಮೊದಲ ನೀರು

ಬನ್ನಿಗಿಡದ ವಾರ್ಡಿನಲ್ಲಿ ಶೈಲಜಾಳ ಮುಖ ಗೊತ್ತಿಲ್ಲದವರು ಸಿಕ್ಕಾರು, ದನಿ ಗೊತ್ತಿಲ್ಲದವರು ಸಿಗಲಾರರು. ಬೆಳಗಾದರೆ ಕಸದ ಗಾಡಿ ಬರುತ್ತದೆ. ಗಾಡಿಯ ತಲೆಯ ಮೇಲಿನ ಸ್ಪೀಕರಿನಲ್ಲಿ ಮೊದಲು ಒಂದು ಭಕ್ತಿಗೀತೆ, ಅದರ ಬೆನ್ನಿಗೆ ಶೈಲಜಾ. "ನಾಗರಿಕರ ಗಮನಕ್ಕೆ" ಎಂದು ಆಕೆ ಶುರುಮಾಡಿದರೆ ಹಲ್ಲುಜ್ಜುವವರು ಬ್ರಷ್ಷು ಬಾಯಲ್ಲೇ ಕಚ್ಚಿಕೊಂಡು ಕಿವಿಗೊಡುತ್ತಾರೆ. ಹಸಿ ಕಸ, ಒಣ ಕಸ, ಮನೆಯ ಕರ, ನಾಯಿಗೆ ಸೂಜಿ, ಎಲ್ಲವೂ ಆ ದನಿಯಲ್ಲೇ. ಖಡಕ್ ದನಿ. ಕೇಳಿದವರು ಆರಡಿ ಎತ್ತರದ, ಗೇಣಗಲ ಕುಂಕುಮದ ಹೆಂಗಸನ್ನು ಕಲ್ಪಿಸಿಕೊಂಡು ಕಚೇರಿಗೆ ಬರುತ್ತಾರೆ. ಬಂದು ನೋಡಿದರೆ, ಈಗ ಯಾರಾದರೂ ಏಳು ಅಂದುಬಿಟ್ಟಾರು ಎಂಬಂತೆ ಕುರ್ಚಿಯ ತುದಿಯಲ್ಲಿ ಕುಂತ ಒಂದು ಸಣ್ಣ ಜೀವ.

ಶೈಲಜಾಳಿಗೆ ಹೆದರಿಕೆ ಹುಟ್ಟಿನಿಂದ ಬಂದ ಆಸ್ತಿ. ಯಲಬುರ್ಗಾದ ತವರಿನಲ್ಲಿ ಅಣ್ಣತಮ್ಮಂದಿರು ಹೊಲ ಹಂಚಿಕೊಂಡರು, ಹೆದರಿಕೆಯನ್ನು ಮಾತ್ರ ಪಾಲು ಮಾಡದೆ ಪೂರ್ತಿ ಇವಳಿಗೇ ಬಿಟ್ಟರು. ಹಲ್ಲಿಗೆ ಹೆದರುತ್ತಾಳೆ, ಗುರುತಿಲ್ಲದ ನಂಬರಿನಿಂದ ಬಂದ ಫೋನಿಗೆ ಹೆದರುತ್ತಾಳೆ, ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಬಂದವರ ಮೀಸೆಗೆ ಹೆದರುತ್ತಾಳೆ. ನೌಕರಿ ಗುತ್ತಿಗೆಯದು, ವರ್ಷಕ್ಕೊಮ್ಮೆ ನವೀಕರಣ. ಆದ್ದರಿಂದ ವರ್ಷಕ್ಕೊಮ್ಮೆ ತಪ್ಪದೆ ಜ್ವರ. ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿರುವ ಗಂಡ ರುದ್ರೇಶ, "ನಿನ್ನ ಹೆದರಿಕಿದೊಂದು ಝೆರಾಕ್ಸ್ ತಗದು ನನಗೂ ಕೊಡ, ಸಾಲಗಾರರ ಮುಂದ ಹಿಡೀತೀನಿ" ಎಂದು ನಗುತ್ತಾನೆ. ಆಕೆ ಹೆದರದ ಸಂಗತಿ ಒಂದೇ: ಕೆಲಸ.

ಕೆಲಸವೆಂದರೆ ವಾರ್ಡ್ ಸಮಿತಿಯ ಕಚೇರಿ ನಡೆಸುವುದು. ವಾರ್ಡ್ ಸಮಿತಿ ಸಲಹೆ ಕೊಡುವ ಸಮಿತಿ. ಕೊಪ್ಪಳದ ಕಡೆ ಮಳೆಗೆ ಬರ ಬಿದ್ದದ್ದುಂಟು, ಸಲಹೆಗೆ ಎಂದೂ ಬಿದ್ದದ್ದಿಲ್ಲ. ನೀರಿನ ಟ್ಯಾಂಕಿನ ಕಾಲುಗಳ ನಡುವೆ ಇಟ್ಟಿಗೆ ಏರಿಸಿ ಮಾಡಿದ ಖೋಲಿಯೇ ಕಚೇರಿ. ತಲೆಯ ಮೇಲೆ ಲಕ್ಷಗಟ್ಟಲೆ ಲೀಟರ್ ನೀರು, ಕೆಳಗೆ ಸಮಿತಿಯ ಸದಸ್ಯರು. ಅಧ್ಯಕ್ಷರು ವಾರ್ಡಿನ ಕೌನ್ಸಿಲರ್ ಪ್ರಭುರಾಜ. ಸಭೆಯಲ್ಲಿ ಮಂಡಕ್ಕಿ ಬರುವ ತನಕ ಚರ್ಚೆ, ಮಿರ್ಚಿ ಬಂದೊಡನೆ ಠರಾವು. ಆ ಠರಾವು ಬರೆದಿಡುವವಳು, ಜಾರಿ ಮಾಡುವವಳು, ಜಾರಿಕೊಳ್ಳುವ ಸದಸ್ಯರನ್ನು ಹಿಡಿದು ತಂದು ಕೂರಿಸುವವಳು, ಮೂರೂ ಶೈಲಜಾ.

ಇನ್ನು ನೀರು. ವಾರಕ್ಕೊಮ್ಮೆ ನೀರು ಬರುವುದರಿಂದಲೇ ಇದಕ್ಕೆ ವಾರ್ಡ್ ಎಂದು ಹೆಸರು ಬಂದಿರಬೇಕು. ಆ ದಿನ ಓಣಿಯ ಹೆಂಗಸರೆಲ್ಲ ದಮಯಂತಿಯರು, ನಳನ ದಾರಿ ಕಾಯುವುದೇ ಕಾಯುವುದು. ಬಂದನೋ, ಮೊದಲು ಮನೆಯಲ್ಲಿದ್ದ ಹಳೇ ನೀರನ್ನೆಲ್ಲ ಅಂಗಳಕ್ಕೆ ಚೆಲ್ಲಿ, ಕೊಡ, ಹಂಡೆ, ಡ್ರಮ್ಮು, ಕೊನೆಗೆ ದೇವರ ತಂಬಿಗೆಯನ್ನೂ ತುಂಬಿಸುತ್ತಾರೆ. ಹೊಸ ನೀರು ಬಂದ ಮೇಲೆ ಹಳೇ ನೀರು ಇಟ್ಟುಕೊಂಡವಳು ಜಿಪುಣಿ ಎಂದು ಈ ಕಡೆಯ ಲೆಕ್ಕ.

ಹೋದ ಬೇಸಿಗೆಯಲ್ಲಿ ಎಲ್ಲೋ ಕೊಳವೆ ಒಡೆದು ಗಟಾರದ ನೀರು ಸೇರಿ, ವಾರ್ಡಿನ ಅರ್ಧ ಜನ ವಾಂತಿಭೇದಿಯಿಂದ ಮಲಗಿದ್ದರು. ಆಮೇಲೆ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಶುರುವಾಯಿತು. ನೀರು ನಾರುತ್ತದೆಂದು ಜನ ಗಲಾಟೆ ಮಾಡಿದರು. ಆಗ ಶೈಲಜಾ ಸ್ಪೀಕರಿನಲ್ಲಿ ಹೇಳಿದ್ದಳು: "ನಾಗರಿಕರ ಗಮನಕ್ಕೆ. ನೀರಿನಲ್ಲಿ ಔಷಧದ ವಾಸನೆ ಬಂದರೆ ಹೆದರಬೇಡಿ. ವಾಸನೆ ಬಂದರೆ ನೀರು ಶುದ್ಧವಾಗಿದೆ ಎಂದು ಅರ್ಥ. ನಿಶ್ಚಿಂತೆಯಿಂದ ಕುಡಿಯಿರಿ." ತಿಂಗಳುಗಟ್ಟಲೆ ಗಾಡಿ ಇದನ್ನೇ ಹಾಡಿತು. ಜನ ಎಷ್ಟು ನಂಬಿದರೆಂದರೆ, ವಾಸನೆ ಇಲ್ಲದ ದಿನ ಕಚೇರಿಗೆ ಬಂದು, "ಯಾಕ್ರಿ, ಇವತ್ತ ಔಷಧಕ್ಕ ಕತ್ತರಿ ಹಾಕೀರೇನು?" ಎಂದು ಕೇಳತೊಡಗಿದರು. ಹೆದರುಪುಕ್ಕಲಿ ಶೈಲಜಾ ಊರಿಗೆಲ್ಲ ಧೈರ್ಯ ಹೇಳಿದ್ದು ಅದೊಂದೇ ಸಲ.

ವಾರ್ಡಿನಲ್ಲಿ ಗಾಡಿ ಹೋಗದ ಓಣಿ ಒಂದಿತ್ತು. ಮೊದಲು ಹೋಗುತ್ತಿತ್ತು. ಓಣಿಯ ಬಾಯಲ್ಲೇ ಹೊಳಿಯಪ್ಪನ ಮನೆ. ಹೊಳಿಯಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹರಾಜಿನ ಸವಾಲು ಕೂಗುತ್ತಿದ್ದವನು. ಆತ ಮೆಕ್ಕೆಜೋಳದ ರಾಶಿಯ ಮೇಲೆ ನಿಂತು "ಒಂದು ಸಾರಿ" ಎಂದರೆ ರಸ್ತೆಯಾಚೆಯ ಚಹಾದಂಗಡಿಯಲ್ಲಿ ಕಪ್ಪು ಅಲುಗುತ್ತಿತ್ತಂತೆ. ಕಂಪ್ಯೂಟರಿನಲ್ಲಿ ಟೆಂಡರ್ ಬಂತು, ಕೊರಳಿಗೆ ಕೆಲಸ ಹೋಯಿತು. ಹೊಳಿಯಪ್ಪ ಮನೆಯ ಮುಂದೆ ಓಣಿಯ ಅರ್ಧಕ್ಕೆ ಬರುವಂತೆ ಒಂದು ಕಟ್ಟೆ ಕಟ್ಟಿ, ಅದರ ಮೇಲೆ ಕುಂತ. ಅಂದಿನಿಂದ ಗಾಡಿ ಹೊರಗೇ ನಿಂತಿತು, ಸ್ಪೀಕರಿನ ದನಿ ತಿರುವಿನಲ್ಲೇ ಸತ್ತಿತು. ಏನಾದರೂ ಹೇಳುವುದಿದ್ದರೆ ಶೈಲಜಾ ತಾನೇ ಓಣಿಯೊಳಗೆ ನಡೆದುಹೋಗಿ ಮನೆಮನೆಗೆ ಹೇಳಿ ಬರುತ್ತಿದ್ದಳು.

ಕಟ್ಟೆ ತೆಗೆಸಬೇಕೆಂದು ಸಮಿತಿ ಠರಾವು ಮಾಡಿತು. ಸದಸ್ಯರು ಮಿರ್ಚಿ ತಿಂದು ಕೈ ಒರೆಸಿಕೊಂಡರು, ನೋಟೀಸು ಹಿಡಿದು ಹೋದವಳು ಶೈಲಜಾ. ಹೊಳಿಯಪ್ಪ ಅದನ್ನು ಇಸಿದುಕೊಂಡು ಕಟ್ಟೆಯ ಮೇಲೆ ಎದ್ದು ನಿಂತ.

"ಬರ್ರೆಪ್ಪೋ ಬರ್ರಿ! ಮೇಡಮ್ಮಾರ ನೋಟೀಸು! ಸಿಕ್ಕಾ ಐತಿ, ಸಹಿ ಐತಿ! ಎಂಟಾಣೆ ಒಂದು ಸಾರಿ! ಎಂಟಾಣೆ ಎರಡು ಸಾರಿ!"

ಓಣಿಗೆ ಓಣಿಯೇ ನಕ್ಕಿತು. ಶೈಲಜಾಳೂ ನಗಲು ನೋಡಿದಳು. ಆಗ ಹೊಳಿಯಪ್ಪ ಕೆಳಗಿಳಿದು ಬಂದು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ.

"ಮತ್ತೊಮ್ಮೆ ಈ ಓಣ್ಯಾಗ ಕಾಲಿಟ್ಟೀರಿ ಅಂದ್ರ, ಆ ಕಾಲು ಈ ಕಟ್ಟಿ ಮ್ಯಾಲ ಬಿಟ್ಟು ಹೋಗಬೇಕಾಗತೈತಿ."

ಆತ ಕೂಗಿ ಹೇಳಿದ್ದರೆ ಆಕೆ ಇಷ್ಟು ಹೆದರುತ್ತಿರಲಿಲ್ಲ. ಅಂಥ ಕೊರಳಿನವನು ಪಿಸುಗುಟ್ಟಿದ್ದು ಎದೆಯಲ್ಲಿ ಕುಂತುಬಿಟ್ಟಿತು. ಆಮೇಲೆ ಆಕೆ ಆ ಓಣಿಯ ಕಡೆ ಹೋಗಲಿಲ್ಲ. ಮನೆಗೆ ಹೋಗುವಾಗ ಬಳಸು ದಾರಿ ಹಿಡಿದಳು. ಗಂಡನಿಗೆ, ನಡೆದರೆ ಸಕ್ಕರೆ ಕಾಯಿಲೆ ಬರುವುದಿಲ್ಲವಂತೆ ಎಂದಳು.

ಹೀಗಿರುವಾಗ ಟ್ಯಾಂಕು ತೊಳೆಯುವ ದಿನ ಬಂತು. ಟ್ಯಾಂಕಿನ ಜೊತೆಗೆ ಕೊಳವೆಗಳೂ ಸ್ವಚ್ಛವಾಗಬೇಕೆಂದು ಔಷಧವನ್ನು ಯಾವಾಗಿನದಕ್ಕಿಂತ ಬಹಳ ಪಟ್ಟು ಜಾಸ್ತಿ ಸುರಿದು, ಆ ಮೊದಲ ನೀರನ್ನು ನಳಗಳಲ್ಲಿ ಹಾಗೇ ಹರಿದುಹೋಗಲು ಬಿಡಬೇಕಿತ್ತು. "ನಾಳೆ ಬರುವ ಮೊದಲ ನೀರನ್ನು ಕುಡಿಯಬೇಡಿ, ತುಂಬಬೇಡಿ, ಗಟಾರಕ್ಕೆ ಬಿಡಿ" ಎಂದು ಶೈಲಜಾ ಸ್ಪೀಕರಿನಲ್ಲಿ ಸಾರಿದಳು. ಗಾಡಿ ಎಲ್ಲ ಓಣಿ ತಿರುಗಿತು. ಉಳಿದದ್ದು ಕಟ್ಟೆಯ ಓಣಿ.

ಅದೇ ಮಧ್ಯಾಹ್ನ ಆ ಓಣಿಯ ಕೊನೆ ಮನೆಯ ಹುಲಗಮ್ಮ ಕಚೇರಿಗೆ ಬಂದಿದ್ದಳು, ಮೊಮ್ಮಗಳ ಜನನ ಪ್ರಮಾಣಪತ್ರ ಕೇಳಲು. ಮಗಳು ಅಮರಮ್ಮ ಬಾಣಂತನಕ್ಕೆ ಬಂದಿದ್ದಳು, ಎದೆಹಾಲು ಸಾಲದೆ ಕೂಸಿಗೆ ಪುಡಿ ಹಾಲು ಕಲಸಿ ಬಾಟಲಿಯಲ್ಲಿ ಕುಡಿಸುತ್ತಿದ್ದರು. ಅವಳಿಗೆ ಹೇಳಿ ಕಳಿಸಬಹುದಿತ್ತು. ಆದರೆ ಅದೇ ಹೊತ್ತಿಗೆ ಪ್ರಭುರಾಜರ ಫೋನು ಬಂತು, ಪ್ರಭುರಾಜರ ಫೋನಿಗೂ ಶೈಲಜಾ ಹೆದರುತ್ತಿದ್ದಳು, ಎದ್ದು ನಿಂತು ಮಾತಾಡಿದಳು. ಫೋನು ಇಡುವಷ್ಟರಲ್ಲಿ ಹುಲಗಮ್ಮ ಹೋಗಿದ್ದಳು.

ಸಂಜೆ ವಾಲ್ವು ತಿರುಗಿಸುವ ದ್ಯಾಮಣ್ಣ ಬಂದ. "ದ್ಯಾಮಣ್ಣ, ಕಟ್ಟಿ ಓಣಿಗೆ ನೀ ಹೋಗಿ ಹೇಳಿಬಿಡಪ, ನಾಳಿನ ನೀರಿಂದು" ಎಂದಳು.

"ಹೂಂರಿ" ಎಂದ ದ್ಯಾಮಣ್ಣ.

ಮರುದಿನ ಬೆಳಿಗ್ಗೆ ವಾಲ್ವು ಬಿಟ್ಟಾಗ ಕಚೇರಿಯೊಳಗೆ ಕಣ್ಣುರಿಯುವಷ್ಟು ಘಾಟು. ಶೈಲಜಾ ಸೆರಗು ಮೂಗಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ದ್ಯಾಮಣ್ಣ ವಾಲ್ವಿನ ಚಾವಿ ಹೆಗಲ ಮೇಲಿಟ್ಟುಕೊಂಡು ಬಂದ.

"ಎಲ್ಲಾ ಕಡೆ ಗಟಾರಕ್ಕ ಬಿಟ್ಟಾರ್ರಿ ಮೇಡಮ್ಮಾರ. ಕಟ್ಟಿ ಓಣ್ಯಾಗ ಮಾತ್ರ ಹೆಣ್ಮಕ್ಕಳು ಕೊಡಾ ಹಿಡಕೊಂಡು ಜಗಳಾ ನಡಸ್ಯಾರ."

"ಕೊಡಾ? ಯಾಕ? ಕುಡೀಬ್ಯಾಡ್ರಿ ಅಂತ ನೀ ಹೇಳಿಲ್ಲೇನು?"

"ಹೇಳೀನಲ್ರಿ. ನಾಳೆ ನೀರು ಬರ್ತಾವ, ಔಷಧ ಜಾಸ್ತಿ ಹಾಕ್ಯಾರ ಅಂತ ಮೂಲಿ ಮನಿಯಾಗ ಹೇಳಿದೆ. ಅವರು ಓಣಿಗೆಲ್ಲಾ ಹೇಳ್ಯಾರ."

"ಕುಡೀಬ್ಯಾಡ್ರಿ ಅಂತ?"

ದ್ಯಾಮಣ್ಣ ತಲೆ ಕೆರೆದುಕೊಂಡ. "ಔಷಧ ಜಾಸ್ತಿ ಐತಿ ಅಂದ ಮ್ಯಾಲ ಅದನ್ನ ಬ್ಯಾರೆ ಹೇಳಬೇಕೇನ್ರಿ?"

ಬೇರೆ ಯಾವ ಊರಲ್ಲಾದರೂ ಹೇಳಬೇಕಿರಲಿಲ್ಲ. ಈ ವಾರ್ಡಿನಲ್ಲಿ ಹೇಳಬೇಕಿತ್ತು. ವಾಸನೆ ಬಂದರೆ ಶುದ್ಧ, ನಿಶ್ಚಿಂತೆಯಿಂದ ಕುಡಿಯಿರಿ. ತಿಂಗಳುಗಟ್ಟಲೆ ಕೇಳಿದ ತನ್ನದೇ ದನಿ ಶೈಲಜಾಳ ಕಿವಿಯಲ್ಲಿ ಈಗ ಕಸದ ಗಾಡಿಯಂತೆ ಸುತ್ತತೊಡಗಿತು. ಕಡಿಮೆ ಔಷಧ ಒಳ್ಳೆಯದಾದರೆ ಜಾಸ್ತಿ ಔಷಧ ಇನ್ನೂ ಒಳ್ಳೆಯದು. ಆ ಓಣಿಯ ಯಾರನ್ನು ಕೇಳಿದರೂ ಹಾಗೇ ಹೇಳಿಯಾರು. ಹಳೇ ನೀರು ಈಗಾಗಲೇ ಅಂಗಳಕ್ಕೆ ಹೋಗಿರುತ್ತದೆ. ಹುಲಗಮ್ಮನ ಮನೆಯಲ್ಲಿ ಕೂಸಿನ ಬಾಟಲಿ ತೊಳೆದಿಟ್ಟಿರುತ್ತಾರೆ.

"ವಾಲ್ವು ಬಂದ್ ಮಾಡು! ಓಡು!" ಎಂದಳು. ದ್ಯಾಮಣ್ಣ ಓಡಿದ. ಅಧ್ಯಕ್ಷರಿಗೆ ಫೋನು ಹಚ್ಚಿದಳು. ಅವರು ಹೊಸಪೇಟೆಯ ಮದುವೆಯೊಂದರಲ್ಲಿದ್ದರು, ಹಿಂದೆ ಬ್ಯಾಂಡು ಬಾರಿಸುತ್ತಿತ್ತು.

"ಭಾಳ ಸೀರಿಯಸ್ ಐತ್ರಿ ಇದು" ಎಂದರು ಅಧ್ಯಕ್ಷರು. "ಲಗೂನ ಒಂದು ತುರ್ತು ಸಭೆ ಕರೀರಿ."

ಶೈಲಜಾ ಜೀವಮಾನದಲ್ಲಿ ಮೊದಲ ಸಲ ಅಧ್ಯಕ್ಷರ ಫೋನನ್ನು ತಾನೇ ಕಟ್ ಮಾಡಿ ಓಡಿದಳು. ಚಪ್ಪಲಿ ಕಚೇರಿಯ ಬಾಗಿಲಲ್ಲೇ ಉಳಿಯಿತು.

ಓಣಿಯ ಬಾಯಲ್ಲಿ ಕಾಲು ನಿಂತುಬಿಟ್ಟವು. ಕಟ್ಟೆಯ ಮೇಲೆ ಹೊಳಿಯಪ್ಪ ಕುಂತಿದ್ದ, ಕೈಯಲ್ಲಿ ಹಿತ್ತಾಳೆಯ ಚರಿಗೆ. ಒಳಗೆ ನೀರಿನ ಸದ್ದು, ಕೊಡಗಳ ಸದ್ದು, ನೀರೆಳೆಯುವ ಮೋಟರುಗಳ ಸದ್ದು. ಶೈಲಜಾ ಅಲ್ಲಿಂದಲೇ ಕೂಗಿದಳು. "ಕುಡೀಬ್ಯಾಡ್ರೀ!" ಸ್ಪೀಕರಿನಲ್ಲಿ ಆರಡಿ ಇದ್ದ ದನಿ ಬರಿಗಂಟಲಿನಲ್ಲಿ ಗೇಣುದ್ದವೂ ಇರಲಿಲ್ಲ. ಗುಬ್ಬಿ ಕೆಮ್ಮಿದಂತಾಯಿತು. ಒಬ್ಬಳೂ ತಿರುಗಿ ನೋಡಲಿಲ್ಲ. ಹೊಳಿಯಪ್ಪ ನೋಡಿದ.

"ಏನ್ರಿ ಮೇಡಮ್ಮಾರ, ಕಾಲು ಬ್ಯಾಡಾದುವೇನು?"

ಆಕೆಗೆ ಹಿಂದಕ್ಕೆ ಓಡಬೇಕೆನ್ನಿಸಿತು, ಮುಂದಕ್ಕೂ ಓಡಬೇಕೆನ್ನಿಸಿತು. ಎರಡು ಹೆದರಿಕೆಗಳ ನಡುವೆ ಸಿಕ್ಕು, ದೊಡ್ಡದು ಯಾವುದೋ ಅದರ ಮಾತು ಕೇಳಿದಳು. ಕಟ್ಟೆಯ ಹತ್ತಿರ ಹೋಗಿ ನಿಂತಳು.

"ಕಾಲು ಆಮ್ಯಾಲ ತಗೋರಿ. ಈಗ ಕೂಗ್ರಿ. ಈ ನೀರು ಕುಡೀಬಾರದು. ವಿಷ ಆಗೇತಿ. ನನ್ನ ದನಿ ಮುಟ್ಟವಲ್ದು, ನೀವು ಕೂಗ್ರಿ."

ಹೊಳಿಯಪ್ಪ ಕೈಯಲ್ಲಿದ್ದ ಚರಿಗೆ ನೋಡಿದ. ಮುಖದ ನಗು ಅಲ್ಲೇ ಇಳಿಯಿತು.

"ಔಷಧದ ನೀರು, ಹೊಟ್ಟಿಗೆ ಛಲೋ ಅಂತ ಎರಡು ಚರಗಿ ಏರಿಸೀನಲ್ರಿ" ಎಂದ. ಮತ್ತೆ ಅದೇ ಸಣ್ಣ ದನಿ. ಈ ಸಲ ಹೆದರಿಸಲು ಅಲ್ಲ.

"ಕೂಗೋ ಯಪ್ಪಾ!" ಎಂದಳು ಶೈಲಜಾ. ತಾನು ಏಕವಚನದಲ್ಲಿ ಮಾತಾಡಿದ್ದು ಆಕೆಗೆ ಗೊತ್ತೂ ಆಗಲಿಲ್ಲ.

ಹೊಳಿಯಪ್ಪ ಎದ್ದು ನಿಂತ. ವರ್ಷಗಟ್ಟಲೆ ಕೆಲಸವಿಲ್ಲದೆ ಕುಂತಿದ್ದ ಕೊರಳು ಒಮ್ಮೆ ಕೆರೆದು, ಆಮೇಲೆ ಬಿಚ್ಚಿಕೊಂಡಿತು.

"ನೀರು ಕುಡೀಬ್ಯಾಡ್ರೋಓಓ! ಒಂದು ಸಾರೀಈ! ಕುಡದ್ರ ಸಾಯ್ತೀರಿ, ಚೆಲ್ರೋಓಓ! ಎರಡು ಸಾರೀಈ!"

ಮೋಟರುಗಳು ಒಂದೊಂದಾಗಿ ನಿಂತವು. ಕೊಡ ಹೊತ್ತವಳು ಹೊತ್ತಂತೆಯೇ ನಿಂತಳು. ದಾರಿಯಲ್ಲೆಲ್ಲ ಕೊಡಗಳ ಸಾಲು ಇದ್ದುದರಿಂದ ಶೈಲಜಾ ಕಟ್ಟೆಯನ್ನೇ ಹತ್ತಿ, ಹೊಳಿಯಪ್ಪನ ಪಕ್ಕದಿಂದಲೇ ಹಾದು, ಆಚೆ ಧುಮುಕಿ ಓಣಿಯ ಕೊನೆಗೆ ಓಡಿದಳು.

ಹುಲಗಮ್ಮ ಬಾಗಿಲಲ್ಲೇ ಕುಂತಿದ್ದಳು, ತೊಡೆಯ ಮೇಲೆ ಕೂಸು, ಕೂಸಿನ ಬಾಯಲ್ಲಿ ಬಾಟಲಿ. ಹೊರಗೆ ಕೂಗು ಯಾಕೆಂದು ತಲೆಯೆತ್ತಿ ನೋಡುತ್ತಿದ್ದಳು. ಶೈಲಜಾ ಬಾಟಲಿ ಕಿತ್ತುಕೊಂಡಳು. ಅರ್ಧ ಖಾಲಿಯಾಗಿತ್ತು.

"ಇದರಾಗಿನ ನೀರು ಯಾವುದು? ಹಳೇದೋ ಹೊಸಾದೋ? ಕುದಿಸೀಯಿಲ್ಲೋ ಯವ್ವಾ?"

"ಹೊಸಾದ, ಈಗ ಬಂದದ್ದು" ಎಂದಳು ಹುಲಗಮ್ಮ. "ಕುದಿಸಿದ್ರ ಔಷಧ ಹಾರಿ ಹೋಗತೈತಿ ಅಂತ ಹಂಗ ಕಲಸೀನಿ. ವಾಸನಿ ಬಂದ್ರ ಛಲೋ ಅಂತ ನೀನ ಹೇಳೀಯಲ್ಲ ತಂಗಿ. ನಾವೆಲ್ಲಾ ಆಮ್ಯಾಲ, ಮೊದಲ ಕೂಸಿಗೆ ಕೊಡೂಣು ಅಂದೆ."

ಕೂಸು ಮುಖ ಸಿಂಡರಿಸಿ, ಕೆಮ್ಮಿ, ಕುಡಿದದ್ದಷ್ಟನ್ನೂ ಅಜ್ಜಿಯ ಸೀರೆಯ ಮೇಲೆ ಕಾರಿತು. ಆಮೇಲೆ ಅಳಲಿಲ್ಲ. ಒಳಗಿನಿಂದ ಓಡಿಬಂದ ಅಮರಮ್ಮ ಒಮ್ಮೆ ಕೂಸನ್ನು, ಒಮ್ಮೆ ಇವಳನ್ನು ನೋಡಿದಳು.

ಅತ್ತ ಕೂಗು ಕೇಳಿ ಕಸದ ಗಾಡಿಯವನು ಓಣಿಯ ಬಾಯಿಗೆ ಬಂದು ನಿಂತಿದ್ದ. ಒಳಗೆ ಬರುವಂತಿರಲಿಲ್ಲ, ಕಟ್ಟೆ. ಅಮರಮ್ಮ ಹಸಿ ಬಾಣಂತಿ, ಹುಲಗಮ್ಮನಿಗೆ ಮೊಣಕಾಲು ಬೇನೆ. ಶೈಲಜಾ ಕೂಸನ್ನು ಎದೆಗವಚಿಕೊಂಡು, ಕೊಡಗಳನ್ನು ಎಡವುತ್ತ, ಉರುಳಿಸುತ್ತ ಬಂದಳು. ಕಟ್ಟೆಯ ಬಳಿ ಹೊಳಿಯಪ್ಪ ಕೈ ಚಾಚಿದ. ಆಕೆ ಕೂಸನ್ನು ಅವನ ಕೈಗೆ ಕೊಟ್ಟು ಹತ್ತಿ, ಮತ್ತೆ ಇಸಿದುಕೊಂಡಳು. ಆ ಎರಡು ಉಸಿರಿನ ಹೊತ್ತು ಹೊಳಿಯಪ್ಪ ಕೂಸಿನ ಮುಖವನ್ನೇ ನೋಡುತ್ತಿದ್ದ. ಆಮೇಲೆ ತಾನೂ ಹೊಟ್ಟೆ ಹಿಡಿದುಕೊಂಡು ಗಾಡಿಯ ಹಿಂದೆ, ಒಣ ಕಸದ ಪಾಲಿನಲ್ಲಿ ಹತ್ತಿ ಕುಂತ.

ಆಸ್ಪತ್ರೆಯಲ್ಲಿ ಡಾಕ್ಟರು ಕೂಸಿನ ಬಾಯಿ, ಗಂಟಲು ನೋಡಿ, "ಕಾರಿಕೊಂಡಿದ್ದು ಛಲೋ ಆತು. ಗಂಟಲು ಕೆಂಪಾಗೇತಿ. ಸಂಜಿ ತನಕ ನೋಡೂಣು" ಎಂದರು. ಸಂಜೆಯ ತನಕ ಎಂಬುದು ಡಾಕ್ಟರರಿಗೆ ಒಂದು ಮಾತು. ಶೈಲಜಾಳಿಗೆ ಅದು ಬಾಗಿಲಿಲ್ಲದ ಖೋಲಿಯಾಯಿತು. ಕೂಸು ನಿದ್ದೆ ಹೋದರೆ, ಯಾಕೆ ನಿದ್ದೆ ಹೋಯಿತು ಎಂದು ಹೆದರಿಕೆ. ಎದ್ದರೆ, ಯಾಕೆ ಎದ್ದಿತು ಎಂದು. ಇಷ್ಟು ವರ್ಷ ತಾನು ಹೆದರಿದ್ದೆಲ್ಲ ಬರೀ ರಿಹರ್ಸಲ್ ಎಂದು ಆಕೆಗೆ ಅನ್ನಿಸಿತು. ಕೆಲಸ ಹೋಗುತ್ತದೆಂಬ ಯೋಚನೆ ಒಮ್ಮೆ ಬಂತು. ಕುಂಡ್ರಲು ಜಾಗವಿಲ್ಲದೆ ಹಾಗೇ ಹೋಯಿತು.

ಮಗಳೊಡನೆ ಆಟೋ ಹಿಡಿದು ಹಿಂದಿನಿಂದ ಬಂದಿದ್ದ ಹುಲಗಮ್ಮ ಬೆಂಚಿನ ಮೇಲೆ ಕುಂತು ಕೇಳಿದಳು.

"ಯಾವಾಗ್ಲೂ ನೀ ಬಂದು ಹೇಳಾಕಿ. ಈ ಸಲ ಯಾಕ ಬರಲಿಲ್ಲ ತಂಗಿ?"

ಎದುರಿನ ಹಾಸಿಗೆಯಲ್ಲಿ ಸಲಾಯಿನ್ ಹಚ್ಚಿಸಿಕೊಂಡು ಮಲಗಿದ್ದ ಹೊಳಿಯಪ್ಪ ಗೋಡೆಯ ಕಡೆ ಹೊರಳಿದ. ಹುಲಗಮ್ಮ ಅವನ ಬೆನ್ನನ್ನು ನೋಡಿದಳು, ಶೈಲಜಾಳ ಮುಖ ನೋಡಿದಳು, ಮತ್ತೆ ಕೇಳಲಿಲ್ಲ.

ಬಿಸಿಲಿಳಿಯುವ ಹೊತ್ತಿಗೆ ಕೂಸು ಕಣ್ಣು ಬಿಟ್ಟು, ಆಸ್ಪತ್ರೆ ಅಲುಗುವಂತೆ ಅತ್ತಿತು. ಹಸಿವಿನ ಅಳು. "ಇದು ದೊಡ್ಡಾಕಿ ಆಗಿ ಸವಾಲು ಕೂಗತೈತಿ ನೋಡ್ರಿ" ಎಂದು ಹೊಳಿಯಪ್ಪ ಗೋಡೆಗೆ ಹೇಳಿದ. ಅಮರಮ್ಮ ನಕ್ಕಳು, ಅತ್ತಳು, ಎರಡೂ ಒಟ್ಟಿಗೆ. ಶೈಲಜಾ ಹೊರಗೆ ಬಂದು ಮೆಟ್ಟಿಲ ಮೇಲೆ ಕುಂತು, ಕಾಲಲ್ಲಿ ಚಪ್ಪಲಿ ಇಲ್ಲದ್ದನ್ನು ಆಗ ಗಮನಿಸಿದಳು.

ಕಟ್ಟೆ ಇಂದಿಗೂ ಇದೆ. "ನಾ ಕಟ್ಟಿ ಒಡೀತೀನಿ ಅಂತ ಮಾತ್ರ ತಿಳಕೋಬ್ಯಾಡ್ರಿ" ಎಂದು ಹೊಳಿಯಪ್ಪ ಬಿಡುಗಡೆಯಾದ ದಿನವೇ ಹೇಳಿದ. ನೋಟೀಸೂ ಜಾರಿಯಲ್ಲಿದೆ, ಸಮಿತಿ ಪ್ರತಿ ಸಭೆಯಲ್ಲಿ ಅದನ್ನು ಮಂಡಕ್ಕಿಯೊಡನೆ ಮೆಲ್ಲುತ್ತದೆ. ದ್ಯಾಮಣ್ಣ ಈಗ "ಹೂಂ" ಅನ್ನುವ ಮೊದಲು ಹೇಳಿದ್ದನ್ನು ಪೂರ್ತಿ ತಿರುಗಿ ಒಪ್ಪಿಸುತ್ತಾನೆ. ಗಾಡಿಯಲ್ಲಿ ಶೈಲಜಾಳ ದನಿ ಮೊದಲಿನಂತೆಯೇ ಬರುತ್ತದೆ, ಜನ ಮೊದಲಿನಂತೆ ಬ್ರಷ್ಷು ಕಚ್ಚಿ ನಿಲ್ಲುವುದಿಲ್ಲ.

ಬದಲಾದದ್ದು ಒಂದು. ಆಮೇಲಿನ ವಾರ ನೀರು ಬಂದಾಗ ಹುಲಗಮ್ಮ ಓಣಿಯ ನಳದ ಮುಂದೆ ಅಡ್ಡ ಕುಂತುಬಿಟ್ಟಳು. ಒಂದು ಕೊಡವನ್ನೂ ತುಂಬಗೊಡಲಿಲ್ಲ. ದ್ಯಾಮಣ್ಣ ಬಂದು ಹೇಳಿದ, ನೀರು ಛಲೋ ಅದಾವಂತ. ಏಳಲಿಲ್ಲ. ಕೊನೆಗೆ ಶೈಲಜಾ ಬಂದಳು.

"ನೀ ಕುಡಿ" ಎಂದು ಲೋಟ ಮುಂದೆ ಹಿಡಿದಳು ಹುಲಗಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ವಿನಾಯಿತಿಯೂ ಇರಲಿಲ್ಲ. "ನೀ ಮೊದಲ ಕುಡಿ ತಂಗಿ, ನೋಡೂಣು."

ಅಂದಿನಿಂದ ಅದೇ ಪದ್ಧತಿಯಾಯಿತು. ನೀರು ಬರುವ ದಿನ ಶೈಲಜಾ ಕಟ್ಟೆಯ ಓಣಿಗೆ ಬಂದು, ಎಲ್ಲರ ಎದುರಿಗೆ ಮೊದಲ ಲೋಟ ಕುಡಿಯಬೇಕು. ಅಲ್ಲಿಯ ತನಕ ನಳದ ಕೆಳಗೆ ಕೊಡ ಇಡುವುದಿಲ್ಲ. ಎತ್ತರಕ್ಕೆ ನಿಂತರೆ ಎಲ್ಲರಿಗೂ ಕಾಣುತ್ತದೆಂದು ಹೊಳಿಯಪ್ಪ ಆಕೆಯನ್ನು ಕಟ್ಟೆಯ ಮೇಲೆಯೇ ನಿಲ್ಲಿಸುತ್ತಾನೆ. ಆಕೆಗೆ ಅವನ ಹೆದರಿಕೆ ಹೋಗಿದೆ. ನೀರಿನ ಹೆದರಿಕೆ ಬಂದಿದೆ. ಕಚೇರಿಯಲ್ಲಿ ತಾನೇ ಪರೀಕ್ಷೆ ಮಾಡಿಸಿರುತ್ತಾಳೆ, ಅಳತೆ ನೋಡಿರುತ್ತಾಳೆ, ಆದರೂ ಲೋಟ ತುಟಿಗೆ ಬರುವಾಗ ಎರಡು ಹನಿ ಸೀರೆಯ ಮೇಲೆ ಬೀಳುತ್ತವೆ.

ಕುಡಿಯುತ್ತಾಳೆ. ಖಾಲಿ ಲೋಟ ಬೋರಲು ಹಿಡಿದು ತೋರಿಸುತ್ತಾಳೆ.

"ಮೇಡಮ್ಮಾರು ಕುಡದ್ರೋಓ! ಒಂದು ಸಾರೀಈ!" ಎಂದು ಪಕ್ಕದಲ್ಲಿ ಹೊಳಿಯಪ್ಪ ಕೂಗುತ್ತಾನೆ. "ಎರಡು ಸಾರೀಈ!"

ಮೂರನೆಯದನ್ನು ಕೂಗದೆ ತಡೆಯುತ್ತಾನೆ. ಕೊಡ ಹಿಡಿದ ಹೆಂಗಸರು, ಬಾಗಿಲಲ್ಲಿ ಕೂಸನ್ನು ಸೊಂಟಕ್ಕೇರಿಸಿಕೊಂಡ ಅಮರಮ್ಮ, ನಳಕ್ಕೆ ಅಡ್ಡ ಕುಂತ ಹುಲಗಮ್ಮ, ಎಲ್ಲರೂ ಶೈಲಜಾಳ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ. ನೀರು ಗಂಟಲಿಳಿದು, ಎದೆ ದಾಟಿ, ಹೊಟ್ಟೆ ಸೇರುವುದನ್ನು ಆಕೆಯೂ ಕಣ್ಣು ಮುಚ್ಚಿ ಕೇಳುತ್ತ ನಿಲ್ಲುತ್ತಾಳೆ.